ಮಳೆಗಾಲಕ್ಕೊಂದು ಡಿವಿಡಿ ಪೆಟ್ಟಿಗೆ: ಕರಾವಳಿ ಮತ್ತು ಘಟ್ಟದ ಮನೆಗಳಿಗೆ ಕೈಪಿಡಿ

ಜೂನ್ ಎರಡನೆಯ ವಾರ ದಾಟಿತೆಂದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಯಲ್ಲಾಪುರ, ಶಿರಸಿ, ಸಿದ್ದಾಪುರದವರೆಗೆ ಇಂಟರ್‌ನೆಟ್ ಎಂಬುದು ಮರಗಳ ಮರ್ಜಿಗೆ ಬಿಟ್ಟ ವಿಷಯ. ಒಂದು ಕೊಂಬೆ ಬಿದ್ದರೆ ಕೇಬಲ್ ತುಂಡಾಗುತ್ತದೆ. ಟವರಿನ ಬ್ಯಾಟರಿ ಮುಗಿದರೆ ಮೊಬೈಲ್ ಸುಮ್ಮನಾಗುತ್ತದೆ. ಮಳೆ ಜೋರಾದರೆ ಡಿಶ್ ಟಿವಿಯ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಆಗ ನೆನಪಾಗುವುದು ಅಟ್ಟದ ಮೇಲಿನ ಡಿವಿಡಿ ಪೆಟ್ಟಿಗೆ. ಇಳಿಸಿ ನೋಡಿದರೆ ಡಿಸ್ಕಿನ ತುಂಬ ಬೂಷ್ಟು, ಪ್ಲೇಯರಿನ ಟ್ರೇ ಅರ್ಧಕ್ಕೇ ನಿಲ್ಲುತ್ತದೆ, ಹಳೆಯ ವೈರು ಹೊಸ ಟಿವಿಗೆ ಹೊಂದುವುದಿಲ್ಲ.

ಮೂರಕ್ಕೂ ಪರಿಹಾರವಿದೆ. ಅದಕ್ಕೂ ಮೊದಲು ಒಂದು ಮಾತು: ಬೇರೆ ಊರುಗಳಲ್ಲಿ ಡಿವಿಡಿಯ ಶತ್ರು ಗೀರು, ನಮ್ಮಲ್ಲಿ ತೇವ. ಹಾಗಾಗಿ ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ ಜೋಪಾನ ಮಾಡಿದ ಡಿಸ್ಕೇ ಮೊದಲು ಹಾಳಾಗುವುದು. ಆಗಾಗ ತೆಗೆದು ಓಡಿಸುತ್ತಿದ್ದರೆ ಡಿಸ್ಕ್, ಪ್ಲೇಯರ್ ಎರಡೂ ಉಳಿಯುತ್ತವೆ. ಕೆಳಗೆ ಹೇಳಿರುವುದರಲ್ಲಿ ಅರ್ಧದಷ್ಟು ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿಕೊಂಡರೆ ಒಳ್ಳೆಯದು.

ಮೊದಲು ವಿಂಗಡಣೆ

ಇದ್ದ ಡಿಸ್ಕುಗಳನ್ನೆಲ್ಲ ಜಗಲಿಯ ಬೆಳಕಿಗೆ ತನ್ನಿ. ಹಿಂಬದಿಯ ಬಣ್ಣವೇ ಅರ್ಧ ಜಾತಕ ಹೇಳುತ್ತದೆ. ಬೆಳ್ಳಿಯ ಬಣ್ಣ ಅಥವಾ ಸ್ವಲ್ಪ ಹೊಂಬಣ್ಣವಿದ್ದರೆ ಅದು ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕ್. ಚೆನ್ನಾಗಿಟ್ಟರೆ ಬಹುಕಾಲ ಬಾಳುತ್ತದೆ. ನೇರಳೆ ಛಾಯೆಯಿದ್ದರೆ ಕಂಪ್ಯೂಟರಿನಲ್ಲಿ ಬರೆದದ್ದು. ಅದರಲ್ಲಿ ಚಿತ್ರವನ್ನು ಹಿಡಿದಿಟ್ಟಿರುವುದು ಒಂದು ಬಗೆಯ ಬಣ್ಣದ ಲೇಪ. ಬಿಸಿಲು, ಸೆಕೆ, ತೇವಕ್ಕೆ ಅದು ಕ್ರಮೇಣ ಮಾಸುತ್ತದೆ. ಮದುವೆ, ಉಪನಯನ, ಊರಿನ ಯಕ್ಷಗಾನ ಹೆಚ್ಚಾಗಿ ಇರುವುದು ಈ ನೇರಳೆ ಡಿಸ್ಕುಗಳಲ್ಲೇ. ಇವನ್ನು ಪ್ರತ್ಯೇಕ ರಾಶಿ ಮಾಡಿ. ಕೊನೆಯಲ್ಲಿ ಇವುಗಳ ವಿಚಾರಕ್ಕೆ ಬರುತ್ತೇನೆ.

ರಾಶಿಯಲ್ಲಿ ವಿಸಿಡಿಗಳೂ ಇರುತ್ತವೆ. ಒಂದೇ ಸಿನಿಮಾ ಎರಡು ಮೂರು ಡಿಸ್ಕುಗಳಲ್ಲಿದ್ದರೆ ಅದು ಬಹುಪಾಲು ವಿಸಿಡಿಯೇ, ಏಕೆಂದರೆ ಒಂದು ವಿಸಿಡಿಯಲ್ಲಿ ಹಿಡಿಸುವುದು ಸುಮಾರು 74ರಿಂದ 80 ನಿಮಿಷ. ಡಿವಿಡಿ ಪ್ಲೇಯರಿನಲ್ಲಿ ಅದೂ ಓಡುತ್ತದೆ. ಆದರೆ ಅದರ ಚಿತ್ರದ ಗಾತ್ರ 352 ಗುಣಿಸು 288 ಚುಕ್ಕೆ ಮಾತ್ರ. ಡಿವಿಡಿಯದು 720 ಗುಣಿಸು 576. ಹೊಸ 43 ಇಂಚಿನ ಟಿವಿಯಲ್ಲಿ ವಿಸಿಡಿ ಮಸುಕಾಗಿ ಕಂಡರೆ ಪ್ಲೇಯರನ್ನು ಬೈಯಬೇಡಿ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ ಆರು ರೂಪಾಯಿ ಉಳಿಸಿದ ಮನೆಗಳು ಈಗ ಅದರ ಫಲ ಉಣ್ಣುತ್ತಿವೆ. ಒಂದೇ ಡಿಸ್ಕಿನಲ್ಲಿ ಐದು ಸಿನಿಮಾ ತುರುಕಿದ್ದರಂತೂ ಹೇಳುವುದೇ ಬೇಡ: ಇರುವ 4.7 ಜಿಬಿ ಜಾಗವನ್ನು ಐವರು ಹಂಚಿಕೊಂಡರೆ ಯಾರ ಮುಖವೂ ಸ್ಪಷ್ಟವಾಗಿರುವುದಿಲ್ಲ.

ಹೊರದೇಶದಿಂದ ಬಂದ ಡಿಸ್ಕುಗಳಿದ್ದರೆ ಕವರಿನ ಹಿಂದೆ ಗೋಲದ ಚಿತ್ರದೊಳಗಿನ ಅಂಕಿ ನೋಡಿ. ಡಿಸ್ಕ್ ಯಾವ ಪ್ರದೇಶದ ಪ್ಲೇಯರಿಗೆಂದು ಮಾಡಿದ್ದು ಎಂಬುದನ್ನು ಅದು ಹೇಳುತ್ತದೆ. ಭಾರತದ್ದು 5. ಭಟ್ಕಳ, ಹೊನ್ನಾವರದ ಕಡೆ ದುಬೈನಿಂದ ಬಂದವು 2, ಅಮೆರಿಕದಲ್ಲಿರುವ ಮಗಳು ತಂದವು 1. ನಮ್ಮ ಪ್ಲೇಯರ್ ಕಟ್ಟುನಿಟ್ಟಿನದಾದರೆ ಇವನ್ನು ಓಡಿಸುವುದಿಲ್ಲ. 0 ಅಥವಾ ‘ಆಲ್’ ಎಂದಿದ್ದರೆ ಚಿಂತೆಯಿಲ್ಲ. ಕಂಪ್ಯೂಟರಿನ ಡಿವಿಡಿ ಡ್ರೈವ್ ಪ್ರದೇಶ ಬದಲಿಸಲು ಬಿಡುತ್ತದೆ, ಆದರೆ ಐದೇ ಸಲ. ಐದನೆಯದಕ್ಕೆ ಎಲ್ಲಿ ನಿಂತಿತೋ ಅಲ್ಲಿಗೆ ಬೀಗ. ಯಾವುದೋ ಒಂದು ಡಿಸ್ಕಿನ ಆಸೆಗೆ ಆ ಅವಕಾಶಗಳನ್ನು ಖರ್ಚು ಮಾಡಬೇಡಿ. ಬ್ಲೂರೇ ಡಿಸ್ಕ್ ಸಿಕ್ಕಿದರೆ ಪಕ್ಕಕ್ಕಿಡಿ. ಡಿವಿಡಿ ಪ್ಲೇಯರಿಗೆ ಅದನ್ನು ಓದಲು ಬಾರದು.

ಬೂಷ್ಟು ತೊಳೆಯುವ ಕ್ರಮ

ಡಿಸ್ಕನ್ನು ಓರೆಯಾಗಿ ಹಿಡಿದು ನೋಡಿ. ಜೇಡನ ಬಲೆಯಂಥ ಬಿಳಿ ಎಳೆ ಅಥವಾ ಹೊಗೆಯಂಥ ಮಸುಕು ಮೇಲ್ಮೈಯಲ್ಲಿದ್ದರೆ ತೊಳೆದರೆ ಹೋಗುತ್ತದೆ. ಒಳಗೆ, ಪದರಗಳ ನಡುವೆ ಕಲೆ ಹಬ್ಬಿದ್ದರೆ ಅಥವಾ ಬೆಳಕಿಗೆ ಹಿಡಿದಾಗ ಸೂಜಿಯಿಂದ ಚುಚ್ಚಿದಂತೆ ತೂತುಗಳು ಕಂಡರೆ ಲೋಹದ ಪದರವೇ ಹೋಗಿದೆ. ಆ ಡಿಸ್ಕಿಗೆ ಮದ್ದಿಲ್ಲ.

ತೊಳೆಯುವುದು ಹೀಗೆ. ಕೈ ಸ್ವಚ್ಛ ಮಾಡಿಕೊಳ್ಳಿ. ಡಿಸ್ಕನ್ನು ಅಂಚು ಮತ್ತು ನಡುವಿನ ತೂತು ಹಿಡಿದು ನಲ್ಲಿಯ ಕೆಳಗೆ ಉಗುರುಬೆಚ್ಚಗಿನ ಅಥವಾ ತಣ್ಣೀರಿನಲ್ಲಿ ನೆನೆಸಿ. ಮರಳಿನ ಕಣ, ದೂಳು ಮೊದಲು ನೀರಿನಲ್ಲೇ ಹರಿದುಹೋಗಲಿ. ಒಣ ಡಿಸ್ಕನ್ನು ಒರೆಸಿದರೆ ಬೂಷ್ಟಿಗಿಂತ ಹೆಚ್ಚು ಹಾನಿ ನಿಮ್ಮ ಕೈಯಿಂದಲೇ ಆಗುತ್ತದೆ. ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಬೆರಳ ತುದಿಯಲ್ಲಿ ಹಚ್ಚಿ, ನಡುವಿನಿಂದ ಅಂಚಿಗೆ ನೇರವಾಗಿ ಸವರಿ. ಸುತ್ತ ತಿರುಗಿಸಿ ಉಜ್ಜಬೇಡಿ. ಮಾಹಿತಿ ಇರುವುದು ಸುರುಳಿಯ ಗೆರೆಯಲ್ಲಿ. ಅಡ್ಡ ಗೀರು ಬಿದ್ದರೆ ಪ್ಲೇಯರ್ ತಿದ್ದಿಕೊಂಡು ಓದಬಲ್ಲದು. ಗೆರೆಯ ಉದ್ದಕ್ಕೂ ಗೀರು ಬಿದ್ದರೆ ಒಟ್ಟಿಗೇ ಬಹಳಷ್ಟು ಕಳೆದುಹೋಗುತ್ತದೆ. ಚೆನ್ನಾಗಿ ನೀರಾಡಿಸಿ, ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ನೀರು ತೆಗೆದು, ನೆರಳಿನಲ್ಲಿ ಫ್ಯಾನಿನ ಕೆಳಗೆ ನಿಲ್ಲಿಸಿ ಒಣಗಿಸಿ. ಪಂಚೆಯ ಚುಂಗು, ಸೀರೆಯ ಸೆರಗು ಎರಡೂ ದೂರವಿರಲಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಗೀರು ಹೋಗುತ್ತದೆ ಎಂಬ ವೈದ್ಯ ನಮ್ಮ ಕಡೆ ಬಹಳ ಪ್ರಚಾರದಲ್ಲಿದೆ; ಎಣ್ಣೆ ಲೆನ್ಸಿಗೆ ಸಿಡಿದು ಪ್ಲೇಯರೂ ಹೋಗುತ್ತದೆ.

ಡಿವಿಡಿಯ ದಪ್ಪ 1.2 ಮಿಲಿಮೀಟರ್. 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿದ್ದು. ಮಾಹಿತಿಯ ಪದರ ನಡುವೆ ಸುರಕ್ಷಿತವಾಗಿರುತ್ತದೆ. ಸಿಡಿ, ವಿಸಿಡಿಗಳಲ್ಲಿ ಹಾಗಲ್ಲ. ಅವುಗಳ ಲೋಹದ ಪದರ ಹೆಸರು ಬರೆಯುವ ಬದಿಯ ತೆಳು ಲೇಪದ ಕೆಳಗೇ ಇರುತ್ತದೆ. ಆದ್ದರಿಂದ ವಿಸಿಡಿಯ ಮೇಲ್ಬದಿಯನ್ನು ಕೆಳಬದಿಗಿಂತ ಹೆಚ್ಚು ಜಾಗ್ರತೆಯಿಂದ ಮುಟ್ಟಿ. ಬಾಲ್‌ಪೆನ್ನಿನಲ್ಲಿ ಯಾವ ಡಿಸ್ಕಿನ ಮೇಲೂ ಬರೆಯಬೇಡಿ.

ಕವರಿನ ಒಳಗಿನ ಕಾಗದವನ್ನು ಮರೆಯಬಾರದು. ತೇವ ಕುಡಿದು ಬೂಷ್ಟನ್ನು ಸಾಕುವುದು ಅದೇ. ಒಣ ಬಿಸಿಲಿನ ದಿನ ಕಾಗದವನ್ನು ಬಿಸಿಲಿಗಿಟ್ಟು, ಡಿಸ್ಕನ್ನು ನೆರಳಿನಲ್ಲಿಡಿ. ಕಾಗದ ಕರಿಗಟ್ಟಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡು ಎಸೆದುಬಿಡಿ.

ಪ್ಲೇಯರನ್ನು ಎಬ್ಬಿಸುವುದು

ವರ್ಷಗಟ್ಟಲೆ ಸುಮ್ಮನಿದ್ದ ಪ್ಲೇಯರಿಗೆ ತಕ್ಷಣ ಡಿಸ್ಕ್ ಹಾಕಬೇಡಿ. ಮೊದಲು ಪ್ಲಗ್ ಹಾಕದೆ ಎತ್ತಿ ಮೆಲ್ಲಗೆ ಅಲುಗಾಡಿಸಿ, ಗಾಳಿಯ ಕಿಂಡಿಗಳಲ್ಲಿ ಟಾರ್ಚ್ ಬಿಟ್ಟು ನೋಡಿ. ಇರುವೆ ಗೂಡು ಕಟ್ಟಿರುತ್ತದೆ, ಹಲ್ಲಿ ಮೊಟ್ಟೆಯಿಟ್ಟಿರುತ್ತದೆ. ವಿದ್ಯುತ್ ಫಲಕದ ಮೇಲೆ ಹಲ್ಲಿ ಅಡ್ಡ ಬಿದ್ದರೆ ಅದರ ಪ್ರಾಣದ ಜೊತೆ ಪ್ಲೇಯರಿನದೂ ಹೋಗುತ್ತದೆ. ಒಳಗೆ ಏನೂ ಇಲ್ಲವೆಂದು ಖಚಿತವಾದ ಮೇಲೆ ಡಿಸ್ಕ್ ಇಲ್ಲದೆ ಅರ್ಧ ಗಂಟೆ ಚಾಲೂ ಇಡಿ. ಒಳಗಿನ ಬಿಸಿಗೆ ಲೆನ್ಸಿನ ಮೇಲಿನ ಇಬ್ಬನಿ ಆರುತ್ತದೆ. ‘ನೋ ಡಿಸ್ಕ್’ ಎನ್ನುತ್ತಿದ್ದ ಎಷ್ಟೋ ಪ್ಲೇಯರುಗಳು ಇಷ್ಟಕ್ಕೇ ಸರಿಹೋಗುತ್ತವೆ. ಏಸಿ ಕೋಣೆಯಿಂದ ತಂದ ಡಿಸ್ಕಿಗೂ ಇದೇ ನಿಯಮ: ಹೊರಗಿನ ಸೆಕೆಗೆ ಬೆವರಿ ಒಣಗುವವರೆಗೆ ಕಾಯಿರಿ.

ಆದರೂ ಓದದಿದ್ದರೆ ಒಂದು ಪರೀಕ್ಷೆ ಮಾಡಿ. ಡಿವಿಡಿ ಓದಲು 650 ನ್ಯಾನೋಮೀಟರಿನ ಕೆಂಪು ಲೇಸರ್ ಬೇಕು. ಸಿಡಿ, ವಿಸಿಡಿಗೆ 780ರ ಅವಕೆಂಪು ಲೇಸರ್. ವಿಸಿಡಿ ಓಡಿ ಡಿವಿಡಿ ಮಾತ್ರ ಓಡದಿದ್ದರೆ ಕೆಂಪು ಲೇಸರ್ ಸೋತಿರುವ ಸಾಧ್ಯತೆ ಹೆಚ್ಚು. ರಿಪೇರಿಯ ಖರ್ಚಿಗೆ ಇನ್ನೊಂದು ಹಳೆಯ ಪ್ಲೇಯರೇ ಸಿಕ್ಕೀತು. ಎರಡೂ ತಡವರಿಸಿದರೆ ಲೆನ್ಸಿನ ಮೇಲೆ ದೂಳಿದೆ ಎಂದುಕೊಳ್ಳಿ. ಪುಟ್ಟ ಕುಂಚಗಳಿರುವ ಲೆನ್ಸ್ ಕ್ಲೀನರ್ ಡಿಸ್ಕ್ ಓಡಿಸಿ ನೋಡಬಹುದು. ಟ್ರೇ ಹೊರಬರಲು ಮುಷ್ಕರ ಹೂಡಿದರೆ ಒಳಗಿನ ಪುಟ್ಟ ರಬ್ಬರ್ ಬೆಲ್ಟ್ ಸಡಿಲವಾಗಿದೆ. ಎಲೆಕ್ಟ್ರಾನಿಕ್ಸ್ ರಿಪೇರಿಯವರಿಗೆ ಇದು ಸಣ್ಣ ಕೆಲಸ. ನೀವೇ ಮುಚ್ಚಳ ತೆಗೆಯುವುದಾದರೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಟಿವಿಗೆ ಜೋಡಿಸುವುದು

ಪ್ಲೇಯರಿನಲ್ಲಿ ಎಚ್‌ಡಿಎಂಐ ಇದ್ದರೆ ಕೆಲಸ ಮುಗಿಯಿತು. ಹಳದಿ, ಕೆಂಪು, ಬಿಳಿ ವೈರುಗಳಷ್ಟೇ ಇದ್ದರೆ ಟಿವಿಯ ಹಿಂದೆ ಹುಡುಕಿ: ಅನೇಕ ಹೊಸ ಟಿವಿಗಳಲ್ಲಿ ಆ ಮೂರು ತೂತುಗಳ ಬದಲು ‘ಎವಿ ಇನ್’ ಎಂದು ಬರೆದ ಒಂದೇ ಸಣ್ಣ ತೂತಿದ್ದು, ಅದಕ್ಕೆ ಹೊಂದುವ ಕವಲು ವೈರು ಪ್ರತ್ಯೇಕವಾಗಿ ಸಿಗುತ್ತದೆ. ಅದೂ ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ತನ್ನಿ. ಕೊಳ್ಳುವಾಗ ದಿಕ್ಕು ನೋಡಿ. ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಡಬ್ಬಿಯೂ ನೋಡಲು ಹಾಗೆಯೇ ಇರುತ್ತದೆ. ನಿಮ್ಮ ಡಬ್ಬಿಗೆ 5 ವೋಲ್ಟಿನ ಯುಎಸ್‌ಬಿ ವಿದ್ಯುತ್ತೂ ಬೇಕು.

ಕಾರವಾರ, ಅಂಕೋಲಾದಂಥ ಸಮುದ್ರದಂಚಿನ ಮನೆಗಳಲ್ಲಿ ವೈರಿನ ತುದಿಗಳಿಗೆ ಉಪ್ಪುಗಾಳಿಯ ಹಸಿರು ಕಿಲುಬು ಹಿಡಿಯುತ್ತದೆ. ಚಿತ್ರ ಕಪ್ಪುಬಿಳುಪಾಗಿ ಬಂದರೆ, ಒಂದೇ ಕಿವಿಗೆ ಸದ್ದು ಕೇಳಿದರೆ ಮೊದಲು ತುದಿಗಳನ್ನು ಕಳಚಿ, ಒರೆಸಿ, ತಿರುವಿ ಮತ್ತೆ ಹಾಕಿ. ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಜೋಡಿಸಿ ನೋಡುವವರಿಗೆ ಎರಡು ಸೂಚನೆ: ವಿಂಡೋಸ್ 10, 11ರ ಜೊತೆ ಡಿವಿಡಿ ಓಡಿಸುವ ತಂತ್ರಾಂಶ ಬರುವುದಿಲ್ಲ, ಉಚಿತವಾಗಿ ಸಿಗುವ ವಿಎಲ್‌ಸಿ ಹಾಕಿಕೊಳ್ಳಿ; ಅದೇ ಡ್ರೈವನ್ನು ನೇರವಾಗಿ ಟಿವಿಯ ಯುಎಸ್‌ಬಿಗೆ ಚುಚ್ಚಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಮುಖ ಅಗಲವಾಗದಿರಲಿ, ಮಾತು ಕೇಳಿಸಲಿ

ನೆಂಟರ ಮನೆಗಳಲ್ಲಿ ನನಗೆ ಸಹಿಸಲಾಗದ ಒಂದು ದೃಶ್ಯವಿದ್ದರೆ ಅದು ಎಳೆದು ಅಗಲ ಮಾಡಿದ ಚಿತ್ರ. ನಾಯಕಿ ಕುಳ್ಳಿ, ಗಾಡಿಯ ಚಕ್ರ ಮೊಟ್ಟೆ. ಪ್ಲೇಯರಿನ ‘ಸೆಟಪ್’ ಒತ್ತಿ ‘ಟಿವಿ ಡಿಸ್‌ಪ್ಲೇ’ ಎಂಬಲ್ಲಿ 16:9 ಆರಿಸಿ. ಆ ಬಳಿಕ ಟಿವಿಯ ರಿಮೋಟಿನಲ್ಲಿ ಚಿತ್ರದ ಅಳತೆ ಬದಲಿಸುವ ಗುಂಡಿ ಒತ್ತುತ್ತ ಮುಖ ಸಹಜವಾದಲ್ಲಿ ನಿಲ್ಲಿಸಿ. ದೂರದರ್ಶನ ಕಾಲದ ಧಾರಾವಾಹಿಗಳೆಲ್ಲ 4:3 ಅಳತೆಯವು. ಅವುಗಳಿಗೆ ಎರಡೂ ಬದಿ ಕಪ್ಪು ಪಟ್ಟಿ ಬರಲೇಬೇಕು. ದುಡ್ಡು ಕೊಟ್ಟು ಕೊಂಡ ಪರದೆ ವ್ಯರ್ಥವಾಯಿತೆಂದು ಅದನ್ನು ತುಂಬಿಸಲು ಹೋಗಬೇಡಿ. ಟಿವಿಯ ಚಲನೆ ನಯಗೊಳಿಸುವ ಸೌಲಭ್ಯವನ್ನು ಬಂದ್ ಮಾಡಿ, ‘ಶಾರ್ಪ್‌ನೆಸ್’ ಇಳಿಸಿ. ಹಳೆಯ ಚಿತ್ರದ ಕಲೆಗಳು ಕಡಿಮೆ ಕಾಣುತ್ತವೆ.

ಕುತೂಹಲಕ್ಕೊಂದು ಸಂಗತಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು, ಪಾಲ್ ಎಂಬ ನಮ್ಮ ಟಿವಿ ಪದ್ಧತಿಯ ಡಿವಿಡಿ 25. ಒಂದಕ್ಕೊಂದು ಹೊಂದಿಸಿ ಸ್ವಲ್ಪ ವೇಗವಾಗಿ ಓಡಿಸಿದ ಡಿಸ್ಕಿನಲ್ಲಿ ಎರಡೂವರೆ ಗಂಟೆಯ ಚಿತ್ರ ಸುಮಾರು ಆರು ನಿಮಿಷ ಮೊದಲೇ ಮುಗಿಯುತ್ತದೆ. ಏನೋ ಕತ್ತರಿಸಿದ್ದಾರೆ ಎಂಬ ಅನುಮಾನಕ್ಕೆ ಅನೇಕ ಸಲ ಇದೇ ಕಾರಣ.

ಇನ್ನು ಸದ್ದು. ಹಂಚಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯುವಾಗ, ಅದರಲ್ಲೂ ಅಂಗಳಕ್ಕೆ ತಗಡು ಹೊದಿಸಿದ್ದರೆ, ಪಿಸುಮಾತಿನ ದೃಶ್ಯಗಳು ಯಾರಿಗೂ ದಕ್ಕುವುದಿಲ್ಲ. ಧ್ವನಿ ಏರಿಸಿದರೆ ಮುಂದಿನ ಹೊಡೆದಾಟಕ್ಕೆ ತೊಟ್ಟಿಲ ಮಗು ಎದ್ದು ಕೂರುತ್ತದೆ. 5.1 ಧ್ವನಿಯ, ಎಂದರೆ ಆರು ಸ್ಪೀಕರುಗಳಿಗೆ ಹಂಚಿದ ಸದ್ದಿನ ಡಿಸ್ಕನ್ನು ಟಿವಿಯ ಎರಡೇ ಸ್ಪೀಕರಿನಲ್ಲಿ ಕೇಳುವಾಗ ಮಾತು ಇನ್ನಷ್ಟು ಕುಗ್ಗುತ್ತದೆ. ಪ್ಲೇಯರಿನ ಆಡಿಯೋ ಸೆಟಪ್ಪಿನಲ್ಲಿ ‘ಸ್ಟೀರಿಯೋ’ ಆರಿಸಿ. ಡಿಸ್ಕಿನ ಮೆನುವಿನಲ್ಲೇ ಸ್ಟೀರಿಯೋ ಇದ್ದರೆ ಅದನ್ನೇ ಹಿಡಿಯಿರಿ. ‘ಡೈನಾಮಿಕ್ ರೇಂಜ್’ ಅಥವಾ ‘ನೈಟ್ ಮೋಡ್’ ಎಂದಿದ್ದರೆ ಅದನ್ನು ಚಾಲೂ ಮಾಡಿ. ಗಟ್ಟಿ ಸದ್ದು ತಗ್ಗಿ ಮೆಲುಮಾತು ಮೇಲೇಳುತ್ತದೆ. ಇಷ್ಟಾದರೂ ಮಳೆಯೇ ಗೆದ್ದರೆ ಉಪಶೀರ್ಷಿಕೆ ಹಾಕಿಕೊಳ್ಳಿ, ಇಲ್ಲವೇ ಆ ಸಂಜೆಗೆ ಹೆಚ್ಚು ಮಾತಿಲ್ಲದ ಚಿತ್ರ ಆರಿಸಿ.

ಯಕ್ಷಗಾನದ ಡಿಸ್ಕುಗಳ ಕಥೆ ಬೇರೆ. ಟಿವಿಯ ತೆಳುವಾದ ಸ್ಪೀಕರಿನಲ್ಲಿ ಚಂಡೆ ಡಬ್ಬಿ ಬಡಿದಂತೆ ಕೇಳುತ್ತದೆ, ಮದ್ದಳೆ ಕೇಳುವುದೇ ಇಲ್ಲ. ಹಳೆಯ ಟೇಪ್ ರೆಕಾರ್ಡರ್ ಸೆಟ್ಟಿನ ಹಿಂದೆ ‘ಆಕ್ಸ್’ ತೂತಿದ್ದರೆ ಪ್ಲೇಯರಿನ ಕೆಂಪು ಬಿಳಿ ವೈರುಗಳನ್ನು ಅಲ್ಲಿಗೆ ಕೊಡಿ. ಅದೊಂದೇ ಬದಲಾವಣೆಗೆ ಭಾಗವತರ ಪದ ಕೋಣೆಯೊಳಗೆ ಬಂದು ಕೂರುತ್ತದೆ. ಇಡೀ ರಾತ್ರಿಯ ಪ್ರಸಂಗ ಹಲವು ಡಿಸ್ಕುಗಳಲ್ಲಿ ಹಂಚಿಹೋಗಿರುತ್ತದೆ. ನೋಡಲು ಕೂರುವ ಮೊದಲು ಅನುಕ್ರಮ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ವಧೆಯಾದ ರಾಕ್ಷಸ ಮತ್ತೆ ಒಡ್ಡೋಲಗಕ್ಕೆ ಬರುತ್ತಾನೆ.

ಕರೆಂಟು ಹೋದಾಗ, ಸಿಡಿಲು ಬಂದಾಗ

ಡಿವಿಡಿ ಪ್ಲೇಯರ್ ತಿನ್ನುವುದು ಹತ್ತು ಹದಿನೈದು ವ್ಯಾಟ್. 32 ಇಂಚಿನ ಎಲ್‌ಇಡಿ ಟಿವಿಗೆ ಸುಮಾರು 50. ಮನೆಯ ಇನ್ವರ್ಟರಿನ 150 ಎಎಚ್ ಬ್ಯಾಟರಿ ಸುಸ್ಥಿತಿಯಲ್ಲಿದ್ದರೆ ಒಂದಲ್ಲ, ಎರಡು ಸಿನಿಮಾ ನಿರಾತಂಕವಾಗಿ ಮುಗಿಯುತ್ತವೆ. ಇನ್ವರ್ಟರಿಗೆ ಬದಲಾಗುವ ಆ ಕ್ಷಣದಲ್ಲಿ ಪ್ಲೇಯರ್ ಆರಿ ಹತ್ತಿದರೆ ಎಲ್ಲಿ ನಿಂತಿತ್ತೆಂಬುದನ್ನು ಅನೇಕ ಪ್ಲೇಯರುಗಳು ಮರೆತುಬಿಡುತ್ತವೆ. ಹಾಗಾಗಿ ಗಾಳಿ ಜೋರಾದಾಗ ‘ಡಿಸ್‌ಪ್ಲೇ’ ಗುಂಡಿ ಒತ್ತಿ ಗಂಟೆ ನಿಮಿಷ ನೋಡಿಟ್ಟುಕೊಳ್ಳಿ. ಕರೆಂಟು ಬಂದ ಮೇಲೆ ‘ಗೋಟು’ ಅಥವಾ ‘ಸರ್ಚ್’ ಒತ್ತಿ 1:12:00 ಎಂದು ಕೊಟ್ಟರೆ ನೇರ ಅಲ್ಲಿಗೇ ಹೋಗುತ್ತದೆ. ರಿಮೋಟಿನ ಈ ಗುಂಡಿಯನ್ನು ಬಹಳ ಮಂದಿ ಒಮ್ಮೆಯೂ ಮುಟ್ಟಿರುವುದಿಲ್ಲ.

ಸಿಡಿಲಿನ ಅಪಾಯ ಹೆಚ್ಚಿರುವುದು ಜುಲೈನ ಜಡಿಮಳೆಯಲ್ಲಲ್ಲ. ಮೇ ತಿಂಗಳ ಸಂಜೆಯ ಮಳೆಯಲ್ಲಿ ಮತ್ತು ಮಳೆಗಾಲ ಹಿಂದೆಗೆಯುವ ಅಕ್ಟೋಬರಿನಲ್ಲಿ. ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಿ. ಡಿಶ್ಶಿನ ವೈರನ್ನೂ ಸೆಟ್‌ಟಾಪ್ ಬಾಕ್ಸಿನಿಂದ ಕಳಚಿ. ಛಾವಣಿಯ ಮೇಲಿನಿಂದ ಬಂದ ಹೊಡೆತ ಡಿಶ್, ಬಾಕ್ಸ್, ಎಚ್‌ಡಿಎಂಐ ಮಾರ್ಗವಾಗಿ ಪ್ಲೇಯರನ್ನೂ ಮುಟ್ಟಬಲ್ಲದು. ಸಿಡಿಲು ನೆತ್ತಿಯ ಮೇಲೇ ಇರುವಾಗ ವೈರು ಮುಟ್ಟಲು ಹೋಗಬೇಡಿ. ದೂರದ ಗುಡುಗಿಗೇ ಎದ್ದುಬಿಡಿ.

ಎಲ್ಲಿಡಬೇಕು

ಹೊರಗೋಡೆಗೆ ಅಂಟಿದ ಗೂಡು, ನಾಗಂದಿಗೆ, ಬಚ್ಚಲಿನ ಪಕ್ಕದ ಕೋಣೆ ಬೇಡ. ಬಟ್ಟೆಯಿಡುವ ಕಬ್ಬಿಣದ ಕಪಾಟಿನ ನಡುವಿನ ಅರೆ ಒಳ್ಳೆಯದು. ಪುಸ್ತಕದಂತೆ ನಿಲ್ಲಿಸಿಡಿ. ಮೆತ್ತನೆಯ ಪ್ಲಾಸ್ಟಿಕ್ ಚೀಲಗಳು ಮಳೆಗಾಲದಲ್ಲಿ ಡಿಸ್ಕಿಗೆ ಅಂಟಿಕೊಳ್ಳುತ್ತವೆ, ಗಟ್ಟಿ ಡಬ್ಬಿಗಳಿರಲಿ. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ಇನ್ನೂ ಉತ್ತಮ, ಆದರೆ ಒಣಗಿದ ಡಿಸ್ಕನ್ನೇ ಇಡಬೇಕು. ಜೆಲ್ಲಿನ ಬಣ್ಣ ಬದಲಾದರೆ ನೀರು ಕುಡಿದಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಗ್ಗುವುದಿಲ್ಲ. ಪ್ಲೇಯರಿನ ಮೇಲೆ ತೆಳು ಬಟ್ಟೆ ಹೊದಿಸಬಹುದು, ಓಡುವಾಗ ಮಾತ್ರ ತೆಗೆಯಬೇಕು.

ನೇರಳೆ ರಾಶಿ

ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಳಾದರೆ ಇನ್ನೊಂದು ಪ್ರತಿ ಸಿಗಬಹುದು. ಅಜ್ಜನ ಸಹಸ್ರಚಂದ್ರ ದರ್ಶನದ ಡಿಸ್ಕಿಗೆ ಇನ್ನೊಂದು ಪ್ರತಿಯಿಲ್ಲ. ತೆಗೆದ ಸ್ಟುಡಿಯೋದವರೂ ಇಷ್ಟು ವರ್ಷ ಇಟ್ಟಿರುವುದಿಲ್ಲ. ಊರಿನ ಯಕ್ಷಗಾನದ ಆಟದ ಡಿಸ್ಕುಗಳೂ ಹಾಗೆಯೇ. ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರು. ಅವರು ಕುಣಿದ ಯಾವುದೋ ಒಂದು ರಾತ್ರಿಯ ಏಕೈಕ ದಾಖಲೆ ಯಾರದೋ ಮನೆಯ ಕಪಾಟಿನಲ್ಲಿರುವುದು ಅಸಂಭವವಲ್ಲ.

ಇವನ್ನು ನೋಡಿ ಆನಂದಿಸುವ ಮೊದಲು ನಕಲು ಮಾಡಿ. ಕಂಪ್ಯೂಟರಿನಲ್ಲಿ ಡಿಸ್ಕ್ ತೆರೆದರೆ ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್ ಕಾಣುತ್ತದೆ. ಅದನ್ನು ಇಡಿಯಾಗಿ ಹಾರ್ಡ್‌ಡಿಸ್ಕಿಗೆ ಎಳೆದು ಹಾಕಿ. ವಿಎಲ್‌ಸಿಯಲ್ಲಿ ಹಾಗೆಯೇ ಓಡುತ್ತದೆ. ಮೊಬೈಲಿಗೂ ಬೇಕೆಂದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಎಂಪಿ4 ಮಾಡಿಕೊಳ್ಳಿ, ಆದರೆ ಮೂಲ ಫೋಲ್ಡರನ್ನು ಅಳಿಸಬೇಡಿ. ನಡುವೆ ಎಲ್ಲೋ ನಿಂತುಬಿಟ್ಟರೆ ಡಿಸ್ಕನ್ನು ಮತ್ತೊಮ್ಮೆ ತೊಳೆದು, ಬೇರೆ ಡ್ರೈವಿನಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಅಪರೂಪವಲ್ಲ. ಹ್ಯಾಂಡಿಕ್ಯಾಮಿನ 8 ಸೆಂಟಿಮೀಟರಿನ ಪುಟ್ಟ ಡಿಸ್ಕುಗಳನ್ನು ಟ್ರೇಯ ನಡುವಿನ ತಗ್ಗಿನಲ್ಲಿಡಿ. ಟ್ರೇ ಇಲ್ಲದೆ ಬಾಯಿಯಿಂದ ನುಂಗುವ ಡ್ರೈವಿಗೆ ಅವನ್ನು ಕೊಟ್ಟರೆ ಒಳಗೇ ಸಿಕ್ಕಿಕೊಳ್ಳುತ್ತವೆ. ಅವು ಖಾಲಿ ಎಂದು ತೋರಿಸಿದರೆ ಎಸೆಯಬೇಡಿ: ಅಂದು ಚಿತ್ರೀಕರಿಸಿದವರು ‘ಫೈನಲೈಸ್’ ಮಾಡದೆ, ಎಂದರೆ ಬೇರೆ ಯಂತ್ರಗಳೂ ಓದುವಂತೆ ಡಿಸ್ಕನ್ನು ಮುಗಿಸದೆ ಬಿಟ್ಟಿರಬಹುದು, ಅದೇ ಕ್ಯಾಮೆರಾ ಇನ್ನೂ ಬದುಕಿದ್ದರೆ ಅದರಿಂದಲೇ ಆ ಕೆಲಸ ಮುಗಿಸಬಹುದು.

ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಮಕ್ಕಳ ಬಳಿ ಒಣ ಹವೆಯಲ್ಲಿರಲಿ. ಫೋಲ್ಡರಿಗೆ ‘ಡಿವಿಡಿ 1’, ‘ಹೊಸದು’ ಎಂಬ ಹೆಸರಿಡಬೇಡಿ. ಯಾರ ಮನೆಯ ಯಾವ ಕಾರ್ಯ, ಯಾವ ಊರು, ಯಾವ ವರ್ಷ. ಆಟವಾದರೆ ಪ್ರಸಂಗ, ಮೇಳ, ಭಾಗವತರು, ಯಾರಿಗೆ ಯಾವ ಪಾತ್ರ. ಮುಖಗಳನ್ನು ಗುರುತಿಸಬಲ್ಲ ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು ಈ ಮಳೆಗಾಲದಲ್ಲೇ ಬರೆದುಕೊಳ್ಳಿ.